ಬೆಳ್ಳಗಾದ ಬೂದಿ, ಕಳುವಾದ ಬೋರ್ಡು

ನಾನು, ಪೇಟೆ ಬೀದಿಯಲ್ಲಿ ಲಾಂಡ್ರಿಯವನು ಎಂದರೆ ಯಾರಾದರೂ ಬೆರಳು ಮಾಡಿ ತೋರಿಸುವ ವ್ಯಕ್ತಿ, ವಯಸ್ಸು ಐವತ್ನಾಲ್ಕು ವರ್ಷ, ಕಸುಬು ಬಟ್ಟೆ ಒಗೆಯುವುದು, ಬಣ್ಣ ಕಟ್ಟುವುದು ಮತ್ತು ಇಸ್ತ್ರಿ, ವಾಸ ಅದೇ ಅಂಗಡಿಯ ಮೇಲಿನ ಎರಡು ಕೋಣೆ, ಇಂದು ಠಾಣೆಗೆ ಖುದ್ದಾಗಿ ನಡೆದು ಬಂದು, ಸಿಟ್ಟಿನದೊಂದನ್ನು ಬಿಟ್ಟು ಬೇರೆ ಯಾರ ಒತ್ತಾಯವೂ ಇಲ್ಲದೆ, ಈ ಮೂಲಕ ತಿಳಿಸುವುದೇನೆಂದರೆ:

ಈ ದೂರು ಒಂದು ಬೋರ್ಡಿನ ಬಗ್ಗೆ. ಉದ್ದ ನಾಲ್ಕು ಅಡಿ, ಅಗಲ ಒಂದು ಅಡಿ, ತಗಡಿನದು, ನೀಲಿಯ ಮೇಲೆ ಬಿಳಿ ಅಕ್ಷರ. ಅದರಲ್ಲಿ ‘ಬಣ್ಣಕ್ಕೆ ಜವಾಬ್ದಾರಿ ನಮ್ಮದು’ ಎಂದು ನಾನೇ ಕೈಯಾರೆ ಬರೆದಿದ್ದೇನೆ. ಅಂಗಡಿ ತೆರೆದ ದಿನದಿಂದ ನಿನ್ನೆ ಬೆಳಿಗ್ಗೆಯವರೆಗೆ ಅದು ಕೌಂಟರಿನ ಹಿಂದಿನ ಗೋಡೆಯ ಮೇಲಿತ್ತು. ಈಗ ಅಲ್ಲಿ ಸ್ಕ್ರೂ ಕಿತ್ತ ಎರಡು ತೂತು ಮತ್ತು ಸುತ್ತಲಿನ ಗೋಡೆಗಿಂತ ಬೆಳ್ಳಗಿನ ಒಂದು ಪಟ್ಟಿ ಇದೆ. ಅಂಗಡಿಗೆ ಬಂದವರೆಲ್ಲ ಮೊದಲು ಆ ಪಟ್ಟಿಯನ್ನೇ ನೋಡುತ್ತಾರೆ.

ಬೋರ್ಡು ಕಿತ್ತುಕೊಂಡು ಹೋದವನು ಹೊರಗಿನ ಕಳ್ಳನಲ್ಲ. ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ. ಡ್ರೈವಿಂಗ್ ಸ್ಕೂಲ್ ನಡೆಸುತ್ತಾನೆ. ನನಗಿಂತ ಆರು ವರ್ಷ ದೊಡ್ಡವನಾದ್ದರಿಂದ ಇದುವರೆಗೆ ಬಹುವಚನ ಕೊಡುತ್ತಿದ್ದೆ, ನಿನ್ನೆಯಿಂದ ನಿಲ್ಲಿಸಿದ್ದೇನೆ. ಕಿತ್ತುಕೊಂಡು ಹೋದದ್ದಕ್ಕೆ ಕಾರಣ ಒಂದು ಹ್ಯಾಮ್‌ಸ್ಟರ್. ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ಅವರು, ಹಾಗೆಂದರೆ ಇಲಿಯೇ ತಾನೇ, ಇಲಿ ಎಂದೇ ಬರೆಯುತ್ತೇನೆ, ಕಾಗುಣಿತ ಸುಲಭ ಎಂದರು. ಬೇಡ ಎಂದೆ. ಇಲಿ ಎಂದ ಒಂದೇ ಮಾತಿಗೆ ನವೆಂಬರ್ ತಿಂಗಳಲ್ಲಿ ನನಗೆ ನಲವತ್ತು ನಿಮಿಷ ಪಾಠವಾಗಿದೆ. ಅದನ್ನು ಅದರ ಸರದಿ ಬಂದಾಗ ಹೇಳುತ್ತೇನೆ.

ನವೆಂಬರ್ ಒಂಬತ್ತನೇ ತಾರೀಕು ಭಾನುವಾರ ಸಂಜೆ ನಾಲ್ಕೂವರೆಗೆ ಸದರಿ ಷಡ್ಡಕ ಮತ್ತು ನನ್ನ ಅತ್ತಿಗೆ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ಅಂದರೆ ಕಲಿಯುವವರಿಗೊಂದು ಕಲಿಸುವವನಿಗೊಂದು ಎಂದು ಎರಡು ಬ್ರೇಕ್ ಇರುವ ಕಾರಿನಲ್ಲಿ, ಅಂಗಡಿಗೆ ಬಂದರು. ಮಗಳ ಹೆರಿಗೆಗೆಂದು ಬೇರೆ ಊರಿಗೆ ಹೊರಟಿದ್ದರು. ಬರುವುದು ಫೆಬ್ರವರಿ ಎಂದರು. ಹಿಂದಿನ ಸೀಟಿನಲ್ಲಿ ಪಂಜರ, ಪಂಜರಕ್ಕೆ ಸೀಟ್ ಬೆಲ್ಟ್. ಅತ್ತಿಗೆಗೆ ಸೀಟ್ ಬೆಲ್ಟ್ ಇರಲಿಲ್ಲ. ಪಂಜರದೊಳಗೆ ಒಂದು ಸಣ್ಣ ಬನ್ನಿನ ಗಾತ್ರದ, ಒದ್ದೆ ಬೂದಿಯ ಬಣ್ಣದ ಪ್ರಾಣಿ. ಬೆನ್ನ ಮೇಲೆ ಕುತ್ತಿಗೆಯಿಂದ ಬಾಲದ ಬುಡದವರೆಗೆ ಒಂದು ಕಪ್ಪು ಗೆರೆ. ಕಣ್ಣು ಕಪ್ಪು ಮಣಿ. ಎಡಗಿವಿಯ ಅಂಚಿನಲ್ಲಿ ಅಕ್ಕಿಕಾಳು ಕೂರುವಷ್ಟು ಒಂದು ಸೀಳು. ಹೆಸರು ಬೂದಿ. ಹೆಸರಿಟ್ಟದ್ದು ಬಣ್ಣ ನೋಡಿ. ಈ ಮಾತು ಮುಂದೆ ಬೇಕಾಗುತ್ತದೆ.

ನಾನು ಸೌಜನ್ಯಕ್ಕೆಂದು ಇಲಿ ಚೆನ್ನಾಗಿದೆ ಎಂದೆ. ಅಲ್ಲಿಗೆ ಪಾಠ ಶುರುವಾಯಿತು. ಸದರಿ ಷಡ್ಡಕನಿಗೆ ಪ್ರಪಂಚದಲ್ಲಿ ಇರುವುದೆಲ್ಲ ರಸ್ತೆಯ ಮೇಲೆ ಇರುವುದೇ. ಅವನು ಹೇಳಿದ್ದೇನೆಂದರೆ, ಹ್ಯಾಮ್‌ಸ್ಟರ್ ಎಂದರೆ ಒಂದೇ ಬಗೆಯಲ್ಲ, ಮನೆಯಲ್ಲಿ ಸಾಕುವವೇ ಐದು ಬಗೆ. ಸಿರಿಯನ್ ಎಂಬುದು ಇವುಗಳಲ್ಲಿ ಲಾರಿ. ಅಂಗೈ ತುಂಬುವ ಗಾತ್ರ, ಹೊಂಬಣ್ಣ, ನಿಧಾನಸ್ಥ, ಎತ್ತಿಕೊಂಡರೆ ಕೈಯಲ್ಲಿ ನಿಲ್ಲುತ್ತದೆ. ಆದರೆ ಪಕ್ಕದಲ್ಲಿ ಇನ್ನೊಂದು ಲಾರಿ ಬಂದರೆ ದಾರಿ ಬಿಡುವುದಿಲ್ಲ, ಕಚ್ಚಾಡಿ ಒಂದೇ ಉಳಿಯುತ್ತದೆ, ಆದ್ದರಿಂದ ಒಂದು ಪಂಜರಕ್ಕೆ ಒಂದೇ. ರೊಬೊರೊವ್‌ಸ್ಕಿ ಎಂಬುದು ಹೊಸದಾಗಿ ಸ್ಕೂಟರ್ ಸಿಕ್ಕಿದ ಹುಡುಗ. ಹೆಬ್ಬೆರಳಿನಷ್ಟು ಉದ್ದ, ಬಿಳಿ ಹುಬ್ಬು, ಇರುವುದರಲ್ಲೆಲ್ಲ ಚಿಕ್ಕದು ಮತ್ತು ವೇಗದ್ದು. ನೋಡಿ ಖುಷಿಪಡಬೇಕೇ ಹೊರತು ಹಿಡಿಯುವ ಆಸೆ ಇಟ್ಟುಕೊಳ್ಳಬಾರದು. ಚೈನೀಸ್ ಎಂಬುದು ಸೈಕಲ್ಲಿನವನು. ಸಣಕಲು ಮೈ, ಉಳಿದವಕ್ಕೆ ಇಲ್ಲದಷ್ಟು ಉದ್ದದ ಬಾಲ, ಸಂದಿ ಕಂಡಲ್ಲಿ ತೂರುತ್ತದೆ, ಕಂಬಿ ಕಂಡಲ್ಲಿ ಹತ್ತುತ್ತದೆ. ನಮ್ಮ ಬೂದಿ ಕ್ಯಾಂಪ್‌ಬೆಲ್. ಕುಳ್ಳ ಜಾತಿ, ಬೆನ್ನಿಗೆ ಗೆರೆ, ಪಾದಕ್ಕೂ ಕೂದಲು, ಸಿಟ್ಟು ಬಂದರೆ ಸಣ್ಣದಾಗಿ ಕಚ್ಚುವುದುಂಟು; ಅಂದರೆ ಸ್ವಂತ ಕಾರು ಇಟ್ಟುಕೊಂಡ ಸಂಸಾರಸ್ಥ. ಐದನೆಯದು ಯಾವುದು ಎಂದು ನನ್ನ ಹೆಂಡತಿ ಕೇಳಿದಳು. ಅದು ನಮಗೆ ಸಂಬಂಧಪಟ್ಟದ್ದಲ್ಲ ಎಂದು ಹೇಳಿ ಅವನು ಮುಂದಕ್ಕೆ ಹೋದ. ಈ ಒಂದು ವಾಕ್ಯದ ಕೆಳಗೆ ದಯವಿಟ್ಟು ಗೆರೆ ಎಳೆಯಬೇಕಾಗಿ ಕೋರುತ್ತೇನೆ.

ಇದಲ್ಲದೆ, ಯಾವ ಬಗೆಯದಾದರೂ ಹಗಲು ಮಲಗುತ್ತದೆ, ಸಂಜೆ ಏಳುತ್ತದೆ. ಮುಂದಿನ ಹಲ್ಲು ಜೀವಮಾನ ಪೂರ್ತಿ ಬೆಳೆಯುತ್ತಲೇ ಇರುವುದರಿಂದ ಕಡಿಯಲು ಮರದ ತುಂಡು ಬೇಕು. ಎರಡು ಕೆನ್ನೆಯಲ್ಲೂ ಚೀಲವಿದ್ದು ಸಿಕ್ಕಿದ್ದನ್ನು ಅಲ್ಲಿ ತುಂಬಿಕೊಂಡು ಮೂಲೆಗೆ ಸಾಗಿಸುತ್ತದೆ. ಕಣ್ಣು ಮಂದ, ಎಲ್ಲ ಮೂಗಿನಿಂದಲೇ ಎಂದು ತಿಳಿಸಿದ. ನನಗೆ ಹೇಳಿದ ಮಾತು ಇದು: “ಅದು ನಿನ್ ಮುಖ ನೋಡಲ್ಲಪ್ಪಾ, ಕೈ ಮೂಸುತ್ತೆ. ನಿನ್ ಕೈಯೋ, ಬರೀ ಸೋಪು. ನೀನು ಮನುಷ್ಯ ಅಂತ ಅದಕ್ಕೆ ಗೊತ್ತಾಗೋದೇ ಕಷ್ಟ.” ಇಬ್ಬರು ಗಿರಾಕಿಗಳು ನಕ್ಕರು. ನಾನೂ ನಕ್ಕೆ. ಆಗ ಸಂಬಂಧ ಚೆನ್ನಾಗಿತ್ತು.

ಹೊರಡುವಾಗ ಅವನು ಪಂಜರದ ಸರಳಿನ ನಡುವೆ ಬೆರಳು ತೂರಿಸಿ ಬೂದಿಗೆ ಮೂಸಲು ಕೊಟ್ಟ. ಆಮೇಲೆ ನನ್ನ ಕಡೆ ತಿರುಗಿ, ಹೇಗೆ ಕೊಟ್ಟಿದ್ದೇನೋ ಹಾಗೇ ವಾಪಸ್ ಬೇಕು ಎಂದ. ನಾನು ಗೋಡೆಯ ಕಡೆ ಕೈ ತೋರಿಸಿ, “ಬೋರ್ಡ್ ಇದೆಯಲ್ಲ ಭಾವ” ಎಂದೆ.

ಕೊಟ್ಟ ಮಾತು ಉಳಿಸಿಕೊಳ್ಳಲು ನಾನು ಮಾಡಿದ್ದು ಹೀಗೆ. ನನ್ನ ಕಸುಬಿನಲ್ಲಿ ಬಣ್ಣಕ್ಕೆ ಇಬ್ಬರು ಶತ್ರುಗಳು: ಒಂದು ಬಿಸಿಲು, ಇನ್ನೊಂದು ಗಿರಾಕಿಯ ಅವಸರ. ಅಂಗಡಿಯ ಮುಂಭಾಗ ಪೂರ್ತಿ ಗಾಜು, ಪಶ್ಚಿಮಕ್ಕೆ ಮುಖ. ಮಧ್ಯಾಹ್ನ ಎರಡರಿಂದ ಬಿಸಿಲು ಒಳಗೇ ಬಂದು ಕೂರುತ್ತದೆ. ಯಾರೋ ಒಗೆಯಲು ಕೊಟ್ಟು ಮರೆತ ಹಸಿರು ಪರದೆಯೊಂದು ಅಲ್ಲಿ ಒಂದು ತಿಂಗಳು ಇದ್ದು, ಮಡಿಕೆಯ ಹೊರಗೆ ಹಳದಿ, ಒಳಗೆ ಹಸಿರು ಆಗಿತ್ತು. ಆದ್ದರಿಂದ ಬಣ್ಣ ಕಟ್ಟಿದ್ದನ್ನು ನಾವು ಮುಂದೆ ಇಡುವುದಿಲ್ಲ. ಹಿಂದೆ ಒಂದು ಕತ್ತಲೆ ಕೋಣೆ ಇದೆ. ಗೋಡೆಯ ಮೇಲ್ಗಡೆ ಅಂಗೈ ಅಗಲದ ಒಂದು ಗಾಳಿಕಿಂಡಿ, ಅಷ್ಟೆ. ಬಣ್ಣದ ಬಟ್ಟೆಯೆಲ್ಲ ಅಲ್ಲೇ ನೇತಾಡುವುದು, ಅದರ ಮೇಲೆ ಕಪ್ಪು ಬಟ್ಟೆಯ ಹೊದಿಕೆ. ಬೂದಿಯ ಪಂಜರವನ್ನೂ ಅಲ್ಲೇ ಶೆಲ್ಫಿನ ಮೇಲಿಟ್ಟೆ. ಗಾಳಿಗೆ ಕೆಳಗೆ ನಾಲ್ಕು ಬೆರಳು ಬಿಟ್ಟು, ಮೇಲೆ ಕಪ್ಪು ಬಟ್ಟೆ ಹೊದಿಸಿದೆ. ದಿನಾ ಸಂಜೆ ಏಳರಿಂದ ಎಂಟರವರೆಗೆ ದೀಪ ಹಾಕಿ, ಕಾಳು ನೀರು ಕೊಟ್ಟು, ಹಾಸಿದ ಮರದ ಹೊಟ್ಟು ಬದಲಾಯಿಸಿ, ಅದು ಚಕ್ರದಲ್ಲಿ ಓಡುವುದನ್ನು ನೋಡಿ, ಮತ್ತೆ ಹೊದಿಸುತ್ತಿದ್ದೆ. ನನ್ನ ಮದುವೆಯ ಕೋಟನ್ನು ನಾನು ಇಷ್ಟು ಜೋಪಾನ ಮಾಡಿಲ್ಲ. ಅದು ಬಣ್ಣ ಹೋಗಿ ಹತ್ತು ವರ್ಷವಾಯಿತು.

ಡಿಸೆಂಬರ್ ಹದಿನಾರನೇ ತಾರೀಕು ಸಂಜೆ ಬೂದಿಯ ಹೊಟ್ಟೆಯ ಎರಡೂ ಪಕ್ಕದಲ್ಲಿ ಬಿಳಿ ಕೂದಲು ಕಂಡವು. ಬಟ್ಟೆಯ ನಾರು ಅಂಟಿದೆ ಎಂದುಕೊಂಡು, ಮಖಮಲ್ಲಿಗೆ ಬಳಸುವ ಮೆತ್ತನೆಯ ಬ್ರಶ್ ತಂದು ಉಜ್ಜಿದೆ. ಬೂದಿ ಕಣ್ಣು ಮುಚ್ಚಿ ಉಜ್ಜಿಸಿಕೊಂಡಿತು. ನಾರು ಹೋಗಲಿಲ್ಲ. ಮರುದಿನ ಇನ್ನಷ್ಟು ಇತ್ತು. ಒಂದು ವಾರ ಉಜ್ಜಿದೆ. ಬಿಳಿ ಬೆನ್ನಿಗೆ ಏರಿತು. ಸೋಪಿನ ಪುಡಿ ಏನಾದರೂ ಬಿತ್ತೇ ಎಂದು ಹೆಂಡತಿ ಕೇಳಿದಳು. ಇಲ್ಲ ಎಂದೆ. ನನ್ನ ಅನುಭವದಲ್ಲಿ ಹೀಗೆ ಸಮನಾಗಿ, ಕಲೆ ಕಟ್ಟದೆ ಬಣ್ಣ ಇಳಿಯುವುದು ಬೆಳಕಿಗೆ ಮಾತ್ರ. ಕಪ್ಪು ಬಟ್ಟೆ ತೆಳುವಾಗಿದೆ, ಎಲ್ಲಿಂದಲೋ ಬೆಳಕು ಸೋರುತ್ತಿದೆ ಎಂದು ತೀರ್ಮಾನಿಸಿ, ಹೊದಿಕೆಯನ್ನು ಎರಡು ಪದರ ಮಾಡಿದೆ. ಗಾಳಿಕಿಂಡಿಗೂ ಅರ್ಧ ರಟ್ಟು ಹೊಡೆದೆ.

ಈ ಅವಧಿಯಲ್ಲಿ ಸದರಿ ಷಡ್ಡಕ ಎರಡು ದಿನಕ್ಕೊಮ್ಮೆ ಫೋನ್ ಮಾಡಿ ಬೂದಿ ಹೇಗಿದ್ದಾನೆ ಎನ್ನುತ್ತಿದ್ದ. ಮೊಮ್ಮಗು ಹುಟ್ಟಿದ ದಿನವೂ ಮೊದಲು ಬೂದಿಯನ್ನು ಕೇಳಿ ಆಮೇಲೆ ಮಗು ಹುಟ್ಟಿದ್ದನ್ನು ಹೇಳಿದ. ತಿನ್ನುತ್ತಿದ್ದಾನೆ, ಓಡುತ್ತಿದ್ದಾನೆ, ದಪ್ಪ ಆಗಿದ್ದಾನೆ ಎಂದು ನಾನು ಹೇಳುತ್ತಿದ್ದೆ. ಅಷ್ಟೂ ನಿಜ. ಬಣ್ಣದ ಬಗ್ಗೆ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳದ್ದಕ್ಕೆ ಉತ್ತರ ಕೊಡುವುದು ಪೊಲೀಸರ ಮುಂದೆಯೂ ಕಡ್ಡಾಯವಲ್ಲ ಎಂದು ತಿಳಿದಿದ್ದೇನೆ. ಹೆಡ್ ಕಾನ್‌ಸ್ಟೇಬಲ್ ಅವರು ತಲೆಯೆತ್ತಿ ನನ್ನನ್ನು ನೋಡಿದರು.

ಜನವರಿ ಹದಿನಾಲ್ಕರ ಬುಧವಾರ ಸಂಜೆ ಏಳೂಕಾಲಿಗೆ ಹೊದಿಕೆ ಎತ್ತಿದಾಗ ಬೂದಿ ತಲೆಯಿಂದ ಬಾಲದವರೆಗೆ ಹಾಲಿನ ಹಾಗೆ ಬೆಳ್ಳಗಿತ್ತು. ಉಳಿದದ್ದು ಬೆನ್ನ ಮೇಲಿನ ಗೆರೆ, ಅದೂ ಪೆನ್ಸಿಲಿನಲ್ಲಿ ಎಳೆದಷ್ಟು ತೆಳ್ಳಗೆ. ಶೆಲ್ಫಿನಲ್ಲಿ ಬೂದುಬಣ್ಣದ ಡಬ್ಬಿ ಇತ್ತು. ತೆಗೆದು ಕೈಯಲ್ಲಿ ಹಿಡಿದೆ. ಮುಚ್ಚಳ ತೆಗೆಯಲಿಲ್ಲ. ಬಿಸಿನೀರಿಲ್ಲದೆ ಆ ಬಣ್ಣ ಹಿಡಿಯುವುದಿಲ್ಲ, ಬಿಸಿನೀರಿಗೆ ಜೀವವನ್ನು ಅದ್ದುವವನು ನಾನಲ್ಲ. ಡಬ್ಬಿ ಹಿಡಿದು ನಿಂತು ಯೋಚಿಸಿದೆ, ಅಷ್ಟೆ. ಅದೇ ಹೊತ್ತಿಗೆ ನನ್ನ ಹೆಂಡತಿ ಬಾಗಿಲಿಗೆ ಬಂದಳು. ಡಬ್ಬಿ ನೋಡಿದಳು, ಬೂದಿಯನ್ನು ನೋಡಿದಳು, ನನ್ನನ್ನು ನೋಡಿದಳು. ಏನೂ ಕೇಳದೆ ಮೇಲೆ ಹೋದಳು. ಆಮೇಲೆ ಅಕ್ಕತಂಗಿಯರ ಫೋನಿನಲ್ಲಿ ಊಟ, ಮಗುವಿನ ತೂಕ, ಹವಾಮಾನ ಎಲ್ಲ ಆದ ಮೇಲೆ, ಇವರು ಯಾಕೋ ಬಣ್ಣದ ಡಬ್ಬಿ ಹಿಡಿದುಕೊಂಡು ಬೂದಿ ಮುಂದೆ ನಿಂತಿದ್ದರು ಎಂದು ಹೇಳಿದ್ದಾಳೆ. ಇದು ನನಗೆ ಆರು ದಿನ ಗೊತ್ತಿರಲಿಲ್ಲ.

ಜನವರಿ ಇಪ್ಪತ್ತು, ಅಂದರೆ ನಿನ್ನೆ ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ, ಫೆಬ್ರವರಿಯಲ್ಲಿ ಬರಬೇಕಾದ ಸದರಿ ಷಡ್ಡಕ ಒಬ್ಬನೇ ಅಂಗಡಿಗೆ ನುಗ್ಗಿದ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಇವರಲ್ಲದೆ, ಸಿಬ್ಬಂದಿಯ ಕಡುಗೆಂಪು ಕೋಟುಗಳನ್ನು ಒಗೆಯಲು ತಂದಿದ್ದ ಹೋಟೆಲ್ ಮ್ಯಾನೇಜರ್ ಇದ್ದರು. ಷಡ್ಡಕ ಯಾರನ್ನೂ ಮಾತಾಡಿಸದೆ ಕತ್ತಲೆ ಕೋಣೆಗೆ ಹೋಗಿ ಹೊದಿಕೆ ಎತ್ತಿದ. ಒಂದು ಪದರ ಎತ್ತಿದ, ಇನ್ನೊಂದು ಇತ್ತು, ಅದನ್ನೂ ಎತ್ತಿದ. ಪಂಜರವನ್ನು ಮುಂದಕ್ಕೆ ತಂದು ಕೌಂಟರಿನ ಮೇಲಿಟ್ಟ. ಆಮೇಲೆ ಬಹಳ ಮೆಲ್ಲಗೆ ಕೇಳಿದ:

“ಇದು ಯಾರು?”

ಬೂದಿ ಎಂದೆ. ಆ ಹೆಸರನ್ನು ಆ ಬಣ್ಣದ ಮುಂದೆ ನಿಂತು ಹೇಳುವಾಗ ನನಗೇ ಒಂದು ಥರ ಆಯಿತು. ಗಿರಾಕಿಯೊಬ್ಬರು ಕೆಮ್ಮಿದರು.

ಅವನು ಪಂಜರಕ್ಕೆ ಮೂಗಿಟ್ಟು ಬ್ಲೀಚ್ ವಾಸನೆ ಬರುತ್ತಿದೆ ಎಂದ. ಆ ವಾಸನೆ ನನ್ನ ಮೈಗಿದೆ, ಗೋಡೆಗಿದೆ, ಕ್ಯಾಲೆಂಡರಿಗಿದೆ, ಐದು ನಿಮಿಷ ನಿಂತರೆ ನಿಮ್ಮ ಅಂಗಿಗೂ ಬರುತ್ತದೆ ಎಂದೆ. ಆಗ ಅವನ ಗಂಟಲು ತೆರೆಯಿತು. ಮೂವತ್ತು ವರ್ಷದಿಂದ ಪಕ್ಕದ ಸೀಟಿನಲ್ಲಿ ಕೂತು ಬ್ರೇಕ್ ಬ್ರೇಕ್ ಎಂದು ಕೂಗಿ ಪಳಗಿದ ಗಂಟಲು ಅದು. ಎದುರಿನ ಔಷಧದ ಅಂಗಡಿಯವರೂ ಹೊರಗೆ ಬಂದರು. ಬೂದಿಯನ್ನು ಕೊಂದು, ಸಿಕ್ಕಿಬೀಳಬಾರದೆಂದು ಯಾವುದೋ ಬೀದಿಯ ಬಿಳಿಯದನ್ನು ತಂದಿಟ್ಟಿದ್ದೀಯ ಎಂದ. ಅದಾದ ಒಂದು ನಿಮಿಷಕ್ಕೆ, ಬೂದಿಯನ್ನು ಬ್ಲೀಚಿನ ನೀರಿಗೆ ಬೀಳಿಸಿ, ಬೆಳ್ಳಗಾದ ಮೇಲೆ ಬಣ್ಣ ಹಚ್ಚಲು ನೋಡಿದ್ದೀಯ, ಡಬ್ಬಿಯ ವಿಷಯ ನನಗೆ ಗೊತ್ತು ಎಂದ. ನನ್ನ ಪಿತ್ತ ನೆತ್ತಿಗೇರಿದ್ದು ಇಲ್ಲಿ. ಬದಲಾಯಿಸಿದ್ದರೆ ಬ್ಲೀಚ್ ಮಾಡಿಲ್ಲ, ಬ್ಲೀಚ್ ಮಾಡಿದ್ದರೆ ಬದಲಾಯಿಸಿಲ್ಲ. ಒಬ್ಬ ಮನುಷ್ಯ ಒಂದು ಹ್ಯಾಮ್‌ಸ್ಟರಿಗೆ ಎರಡನ್ನೂ ಹೇಗೆ ಮಾಡುತ್ತಾನೆ? ಬೀದಿಯಲ್ಲಿ ಬಿಳಿ ಹ್ಯಾಮ್‌ಸ್ಟರ್ ಸಿಗುತ್ತವೆಯೇ? ಇಷ್ಟನ್ನೂ ಕೇಳಿದೆ.

ಆ ಹೊತ್ತಿಗೆ ಮೆಟ್ಟಿಲಿನಲ್ಲಿ ನಿಂತಿದ್ದ ನನ್ನ ಹೆಂಡತಿ ಹೇಳಿದಳು: “ಏನ್ ಮಾಡಿದ್ರಿ ಅಂತ ಹೇಳ್ಬಿಡ್ರೀ.”

ಕೂಗಾಡಿದವನ ಮೇಲಿನ ಸಿಟ್ಟು ಒಂದು ತೂಕವಾದರೆ, ಮೆಲ್ಲಗೆ ಹೇಳಿದ ಈ ನಾಲ್ಕು ಪದದ ಮೇಲಿನ ಸಿಟ್ಟು ಇನ್ನೊಂದು ತೂಕ. ಇದು ಮನೆಯ ವಿಷಯ, ಬರೆಯುವ ಅಗತ್ಯವಿಲ್ಲ ಎಂದು ಹೆಡ್ ಕಾನ್‌ಸ್ಟೇಬಲ್ ಅವರು ಹೇಳಿದರು. ಇದೆ ಎಂದೆ. ಬರೆದಿದ್ದಾರೆ.

ಆಮೇಲೆ ಸದರಿ ಷಡ್ಡಕ ಬೋರ್ಡಿನ ಕಡೆ ನೋಡಿ, “ಇದನ್ನ ಇಟ್ಕೊಳ್ಳೋ ಯೋಗ್ಯತೆ ನಿನಗಿಲ್ಲ” ಎಂದು ಹೇಳಿ ಕಬ್ಬಿಣದ ಸ್ಟೂಲು ಹತ್ತಿದ. ಸ್ಟೂಲು ನನ್ನದು. ಕೌಂಟರಿನ ಡ್ರಾಯರಿನಿಂದ ತೆಗೆದ ಸ್ಕ್ರೂ ಡ್ರೈವರೂ ನನ್ನದು. ಸ್ಟೂಲು ಅಲ್ಲಾಡಿದಾಗ ಬೀಳಬಾರದೆಂದು ಹಿಡಿದುಕೊಂಡವನೂ ನಾನೇ, ಅಭ್ಯಾಸ ಬಲ. ಬೋರ್ಡು ಬಿಚ್ಚಿ, ಸ್ಕ್ರೂ ಡ್ರೈವರನ್ನು ಮಾತ್ರ ಇದ್ದಲ್ಲೇ ಇಟ್ಟು, ಬಾಗಿಲ ತನಕ ಹೋದವನು ತಿರುಗಿ ಪಂಜರವನ್ನು ನೋಡಿದ. ಅವನ ಮುಖ ಒದ್ದೆಯಾಗಿತ್ತು. ಪಕ್ಕದ ಕೊಕ್ಕೆಗೆ ಹಾಕಿದ್ದ ಒಂದು ಕಡುಗೆಂಪು ಕೋಟಿನ ತೋಳಿನಲ್ಲಿ ಒರೆಸಿಕೊಂಡ. ಕೋಟು ಇನ್ನೂ ಒಗೆದಿರಲಿಲ್ಲ ಎಂಬುದು ಆ ದಿನ ನನಗಾದ ಒಂದೇ ಸಮಾಧಾನ. ಪಂಜರ ಬಿಟ್ಟು ಹೋದ. ಬೋರ್ಡನ್ನು ಹಿಂದಿನ ಸೀಟಿನಲ್ಲಿಟ್ಟು ಅದಕ್ಕೂ ಸೀಟ್ ಬೆಲ್ಟ್ ಹಾಕಿದ.

ಹೋಟೆಲ್ ಮ್ಯಾನೇಜರ್ ಅವರು ಕೋಟುಗಳನ್ನೆಲ್ಲ ಮತ್ತೆ ಗಂಟು ಕಟ್ಟಿದರು. ತಪ್ಪು ತಿಳಿಯಬೇಡಿ, ಇವು ಕಡುಗೆಂಪು, ಬಿಳಿಯಾಗಿ ಬಂದರೆ ನಮ್ಮವರನ್ನು ಡಾಕ್ಟರುಗಳು ಎಂದುಕೊಳ್ಳುತ್ತಾರೆ ಎಂದು ಹೇಳಿ ಹೊರಟುಹೋದರು. ತಮಾಷೆಗೆ ಹೇಳಿದರೋ ನಿಜಕ್ಕೋ ತಿಳಿಯದು. ಗಂಟು ಮಾತ್ರ ನಿಜವಾಗಿ ಹೋಯಿತು.

ಹನ್ನೊಂದೂವರೆಗೆ ನಾನು ಅಂಗಡಿ ಮುಚ್ಚಿ, ಪಂಜರ ಎತ್ತಿಕೊಂಡು, ಅಲ್ಲಿಂದ ಮುನ್ನೂರೈವತ್ತು ಮೀಟರ್ ದೂರದ ಸಾಕುಪ್ರಾಣಿ ಅಂಗಡಿಗೆ ಹೋದೆ. ಬೂದಿಯನ್ನು ಷಡ್ಡಕ ಕೊಂಡದ್ದು ಅಲ್ಲಿಂದಲೇ. ಅಂಗಡಿಯಾಕೆ ಬೂದಿಯನ್ನು ಅಂಗೈಯಲ್ಲಿ ಹಿಡಿದು, ಬೆನ್ನ ಗೆರೆ ನೋಡಿ, ಪಾದ ನೋಡಿ, ಇದು ಕ್ಯಾಂಪ್‌ಬೆಲ್ ಅಲ್ಲ, ವಿಂಟರ್ ವೈಟ್ ಎಂದಳು. ಅದೇ ಆ ಐದನೆಯದು. ಚಳಿಗಾಲಕ್ಕೆ ಬೂದುಬಣ್ಣದ ಕೂದಲು ಉದುರಿಸಿ ಬಿಳಿ ಕೂದಲು ತೊಡುವ ಜಾತಿ ಅದೊಂದೇ, ಹಿಮದಲ್ಲಿ ಕಾಣಿಸಬಾರದೆಂದು. ಹಾಗಾದರೆ ಇದನ್ನು ಕ್ಯಾಂಪ್‌ಬೆಲ್ ಎಂದವರು ಯಾರು ಎಂದು ಕೇಳಿದೆ. ನಾನೇ ಎಂದಳು. ಮರಿಯಿದ್ದಾಗ ಎರಡೂ ಒಂದೇ ಥರ ಇರುತ್ತವೆ, ಒಂದೇ ಪೆಟ್ಟಿಗೆಯಲ್ಲಿ ಬಂದಿದ್ದವು ಎಂದಳು. ಇಷ್ಟು ಹೇಳುವಾಗ ಅವಳ ಮುಖದಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಇವಳ ಮೇಲೂ ದೂರು ಕೊಡಬಹುದೇ ಎಂದು ಕೇಳಿದ್ದಕ್ಕೆ, ಒಂದೊಂದಾಗಿ ಎಂದು ಹೆಡ್ ಕಾನ್‌ಸ್ಟೇಬಲ್ ಅವರು ಹೇಳಿದ್ದಾರೆ.

ಕಳೆದ ಚಳಿಗಾಲದಲ್ಲಿ ಯಾಕೆ ಬೆಳ್ಳಗಾಗಲಿಲ್ಲ ಎಂದು ಕೇಳಿದೆ. ಚಳಿಯಲ್ಲ, ಬೆಳಕು ಮುಖ್ಯ ಎಂದಳು. ಹಗಲು ಗಿಡ್ಡವಾದರೆ ಅದರ ಮೈ ಚಳಿಗಾಲ ಬಂತೆಂದು ತಿಳಿಯುತ್ತದೆ. ಷಡ್ಡಕನ ಮನೆಯಲ್ಲಿ ಮಲಗುವ ತನಕ ಎಲ್ಲ ದೀಪಗಳೂ ಉರಿಯುತ್ತವೆ, ಅಲ್ಲಿ ಅದಕ್ಕೆ ಚಳಿಗಾಲವೆಂಬುದೇ ಬಂದಿರಲಿಲ್ಲ. ನೀವೆಲ್ಲಿ ಇಟ್ಟಿದ್ದಿರಿ ಎಂದು ಕೇಳಿದಳು. ಹೇಳಿದೆ. ಬಟ್ಟೆಯ ವಿಷಯವನ್ನೂ ಹೇಳಿದೆ.

“ಎಷ್ಟು ಪದರ?”

“ಎರಡು.”

ಅವಳು ಬೂದಿಯನ್ನು ನನ್ನ ಕೈಗೆ ಕೊಟ್ಟು, ಗಿಳಿಗಳ ಪಂಜರದ ಹಿಂದೆ ಹೋಗಿ ನಕ್ಕಳು. ಅವಳು ನಕ್ಕ ಹಾಗೆಯೇ ಗಿಳಿಗಳೂ ನಕ್ಕವು. ವಾಪಸ್ ಬಂದು ಕಣ್ಣೊರೆಸಿಕೊಂಡು, “ಬಣ್ಣ ಹೋಗ್ಬಾರ್ದು ಅಂತ ನೀವು ಮುಚ್ಚಿದ್ರಿ. ಮುಚ್ಚಿದ್ದಕ್ಕೇ ಹೋಯ್ತು” ಎಂದಳು. ನನಗೆ ಬಂದ ಸಿಟ್ಟನ್ನು ಯಾರ ಮೇಲೆ ಹಾಕುವುದೆಂದು ತಿಳಿಯದೆ ಸದ್ಯಕ್ಕೆ ಗಿಳಿಗಳ ಮೇಲೆ ಹಾಕಿದೆ. ಬೆಳಕಿನಲ್ಲಿಟ್ಟರೆ ಎರಡು ಮೂರು ತಿಂಗಳಿಗೆ ಬೂದು ಮರಳುತ್ತದೆ ಎಂದೂ ಅವಳು ತಿಳಿಸಿದಳು.

ಸಂಜೆ ಐದೂಕಾಲಿಗೆ ಡ್ರೈವಿಂಗ್ ಸ್ಕೂಲಿಗೆ ಹೋದೆ. ಒಂದೂಕಾಲು ಕಿಲೋಮೀಟರ್, ನಡೆದೇ. ಪಂಜರಕ್ಕೆ ಬಿಸಿಲು ತಾಗಲೆಂದು ರಸ್ತೆಯ ಬಿಸಿಲಿನ ಬದಿಯಲ್ಲಿ ನಡೆದೆ. ಷಡ್ಡಕ ಐದಾರು ಜನ ಕಲಿಯುವವರಿಗೆ ಗೋಡೆಯ ಮೇಲಿನ ರಸ್ತೆ ಚಿಹ್ನೆಗಳನ್ನು ಕೋಲಿನಿಂದ ತೋರಿಸುತ್ತಿದ್ದ. ನನ್ನ ಬೋರ್ಡು ಅದೇ ಗೋಡೆಯ ಮೂಲೆಯಲ್ಲಿ, ತರಗತಿಯಲ್ಲಿ ಶಿಕ್ಷೆಗೆ ನಿಲ್ಲಿಸಿದವರ ಹಾಗೆ, ಮುಖ ಗೋಡೆಗೆ ಮಾಡಿ ನಿಂತಿತ್ತು. ಪಾಠ ನಡೆಯುತ್ತಿದೆ ಎಂದ. ನನ್ನದೂ ಪಾಠವೇ ಎಂದು ಹೇಳಿ ಮೇಜಿನ ಮೇಲೆ ಪಂಜರ ಇಟ್ಟು, ಅಂಗಡಿಯಾಕೆ ಹೇಳಿದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಹದಿನಾಲ್ಕು ತಿಂಗಳಿಂದ ಊರಿಗೆಲ್ಲ ಕ್ಯಾಂಪ್‌ಬೆಲ್ ಎಂದು ಹೇಳಿಕೊಂಡು ಬಂದಿದ್ದೇನೆ, ನನ್ನ ಕಿವಿಗೆ ಹೂವಿಡಬೇಡ ಎಂದ. ಕಿವಿ ಎಂದದ್ದಕ್ಕೆ ನೆನಪಾಗಿ, ಬೂದಿಯ ಎಡಗಿವಿ ನೋಡು ಎಂದೆ.

ಅವನು ಕನ್ನಡಕ ಹಾಕಿಕೊಂಡು ನೋಡಿದ. ಕೋಲು ಕೆಳಗಿಟ್ಟ. ಪಂಜರದ ಬಾಗಿಲು ತೆಗೆದು ಕೈ ಒಳಗಿಟ್ಟ. ಬೂದಿ ಆ ಕೈಯನ್ನು ಮೂಸಿ, ಎರಡೂ ಕೆನ್ನೆಯ ಚೀಲದಲ್ಲಿದ್ದ ಕಾಳನ್ನೆಲ್ಲ ಅಂಗೈಗೆ ಉಗುಳಿ, ಅದರ ಮೇಲೆಯೇ ಮಲಗಿತು. ಅವನು ಬಹಳ ಹೊತ್ತು ಕೈ ಹೊರಗೆ ತೆಗೆಯಲಿಲ್ಲ.

ಇಲ್ಲಿಗೆ ವಿಷಯ ಮುಗಿಯಬೇಕಿತ್ತು. ಕ್ಷಮಿಸು ಎನ್ನುತ್ತಾನೆ ಎಂದುಕೊಂಡೆ. ಅವನು ಹೇಳಿದ್ದು ಇದು: “ಬೂದೀನೇ, ಒಪ್ಕೊಂಡೆ. ಆದ್ರೆ ಬೆಳ್ಳಗ್ ಮಾಡಿದ್ದು ನೀನೇ ತಾನೇ? ಯಾವ್ ಬಣ್ಣದಲ್ಲಿ ಕೊಟ್ನೋ ಆ ಬಣ್ಣದಲ್ಲಿ ತಂದ್ಕೊಡು. ಆಮೇಲೆ ಬೋರ್ಡ್ ತಗೊಂಡ್ ಹೋಗು.” ಹೀಗೆ ಹೇಳಿ ಬೂದಿಯನ್ನೂ ಇಟ್ಟುಕೊಳ್ಳದೆ, ಬೋರ್ಡನ್ನೂ ಕೊಡದೆ, ಮತ್ತೆ ಕೋಲು ಹಿಡಿದು ತಿರುವಿನ ಚಿಹ್ನೆ ತೋರಿಸತೊಡಗಿದ. ತೋರಿಸಿದ್ದು ತಪ್ಪು ಚಿಹ್ನೆ. ಕಲಿಯುವವರೂ ಅದನ್ನೇ ಬರೆದುಕೊಂಡರು.

ನಿನ್ನೆ ಮನೆಗೆ ಬಂದ ಮೇಲೆ ಪಂಜರವನ್ನು ಮುಂಭಾಗದ ಗಾಜಿನ ಹತ್ತಿರ ಇಟ್ಟೆ. ನನ್ನ ಹೆಂಡತಿ ಮೇಲಿನಿಂದ ತನ್ನ ಹೊಲಿಗೆ ಯಂತ್ರದ ದೀಪ ಬಿಚ್ಚಿ ತಂದು ಪಂಜರದ ಪಕ್ಕ ಹಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ, ನಾನು ಅಕ್ಕನಿಗೆ ಬರೀ ಡಬ್ಬಿ ಎಂದೆ, ಬಣ್ಣ ಹಚ್ಚಿದರು ಎನ್ನಲಿಲ್ಲ ಎಂದಳು. ಸರಿ ಎಂದೆ. ಸಿಟ್ಟು ಇಳಿದಿಲ್ಲ, ಆದರೆ ದೀಪವನ್ನು ಆರಿಸಲಿಲ್ಲ.

ಇಂದು ಬೆಳಿಗ್ಗೆ ಅಂಗಡಿ ತೆರೆದ ಒಂದು ಗಂಟೆಯೊಳಗೆ ಮೂವರು ಬಂದರು. ಮೂವರೂ ಗೋಡೆಯ ಬೆಳ್ಳಗಿನ ಪಟ್ಟಿ ನೋಡಿದರು, ಗಾಜಿನ ಬಳಿಯ ಬೆಳ್ಳಗಿನ ಪ್ರಾಣಿ ನೋಡಿದರು, ಬಣ್ಣದ ಬಟ್ಟೆಗಳನ್ನು ಚೀಲದಲ್ಲೇ ಉಳಿಸಿಕೊಂಡು ಬಿಳಿ ಅಂಗಿಗಳನ್ನು ಮಾತ್ರ ಕೊಟ್ಟುಹೋದರು. ಹೀಗೆ ಮೂರು ತಿಂಗಳು ನಡೆದರೆ ಬೂದಿ ಬೂದಾಗುವ ಹೊತ್ತಿಗೆ ಅಂಗಡಿ ಇರುವುದಿಲ್ಲ. ಆದ್ದರಿಂದ ಠಾಣೆಗೆ ಬಂದೆ.

ಹೆಡ್ ಕಾನ್‌ಸ್ಟೇಬಲ್ ಅವರು ನನ್ನ ಎದುರಿಗೇ ಸದರಿ ಷಡ್ಡಕನಿಗೆ ಫೋನ್ ಮಾಡಿದರು. ಬಣ್ಣ ಬಂದ ದಿನ ಬೋರ್ಡು ಕೊಡುತ್ತೇನೆ ಎಂದು ಅಲ್ಲಿಂದ ಹೇಳಿದ್ದು ನನಗೂ ಕೇಳಿಸಿತು. ಇದೂ ಒಂದು ರೀತಿಯಲ್ಲಿ ನ್ಯಾಯವೇ ಅಲ್ಲವೇ, ಒಪ್ಪಿಕೊಂಡು ಹೋಗಿ ಎಂದು ಹೆಡ್ ಕಾನ್‌ಸ್ಟೇಬಲ್ ಅವರು ನನಗೆ ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಕಾರಣ ಹೀಗಿದೆ. ಬಣ್ಣ ಸರಿಯಾಗಿದ್ದಾಗ ಆ ಬೋರ್ಡು ಯಾರಿಗೆ ಬೇಕು? ಅದನ್ನು ಬರೆದದ್ದೇ ಬಣ್ಣ ಹೋದ ದಿನಕ್ಕೆ. ಇಷ್ಟು ವರ್ಷ ಅದು ಗೋಡೆಯಲ್ಲಿ ಸುಮ್ಮನೆ ನೇತಾಡುತ್ತಿತ್ತು, ಕೆಲಸ ಬಂದದ್ದು ನಿನ್ನೆ. ಕೆಲಸ ಬಂದ ದಿನವೇ ಅದನ್ನು ಕಿತ್ತುಕೊಂಡು ಹೋದದ್ದು ನನ್ನ ದೂರು. ಬೋರ್ಡನ್ನು ಇಂದೇ ಕೊಡಿಸಿಕೊಡಬೇಕು. ಅದರ ಕೆಳಗೆಯೇ ಬೂದಿಯ ಪಂಜರ ಇಡುತ್ತೇನೆ. ಬೂದು ಬರುವ ತನಕ ಬಂದವರೆಲ್ಲ ಎರಡನ್ನೂ ಒಟ್ಟಿಗೆ ನೋಡಲಿ. ಸದರಿ ಷಡ್ಡಕನೂ ದಿನಾ ಬಂದು ನೋಡಬಹುದು. ಬೂದಿಗೆ ನನ್ನ ಸೋಪಿನ ಕೈ ಇನ್ನೂ ಅಷ್ಟಾಗಿ ಹಿಡಿಸಿಲ್ಲ, ಅವರ ಕೈ ಬೇಕಾಗುತ್ತದೆ. ಇಲ್ಲಿ ‘ಅವರ’ ಎಂದು ಬಂದದ್ದನ್ನು ‘ಅವನ’ ಎಂದು ತಿದ್ದಬೇಕೇ ಎಂದು ಹೆಡ್ ಕಾನ್‌ಸ್ಟೇಬಲ್ ಅವರು ಕೇಳಿದರು. ಇರಲಿ ಬಿಡಿ ಎಂದೆ.

ಠಾಣೆಯ ಮೇಜಿನ ಮೇಲೆ ಹಾಜರುಪಡಿಸಿದ ಪ್ರಾಣಿಯ ವಿವರ: ಹ್ಯಾಮ್‌ಸ್ಟರ್ ಒಂದು, ಜೀವಂತ, ಎಡಗಿವಿಯಲ್ಲಿ ಸೀಳು, ಹೆಸರು ಬೂದಿ, ಬಣ್ಣ ಬೂದು, ಸದ್ಯಕ್ಕೆ ಬಿಳಿ.

ಮೇಲಿನದೆಲ್ಲವನ್ನೂ ನನಗೆ ಓದಿ ಕೇಳಿಸಿದರು. ಹೇಳಿದ್ದಷ್ಟೇ ಬರೆದಿದೆ, ಬರೆದದ್ದೆಲ್ಲ ನಿಜ. ನಾನು ಬ್ಲೀಚ್ ಮಾಡಿಲ್ಲ, ಬದಲಾಯಿಸಿಲ್ಲ. ಬಣ್ಣ ಹೋದದ್ದು ನನ್ನಿಂದಲೇ. ಬೋರ್ಡು ನನ್ನದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನ್ನಲ್ಲಿಲ್ಲ.

ಸ್ಥಳ: ಠಾಣೆ, ಕಿಟಕಿಯ ಪಕ್ಕದ ಮೇಜು (ಬೆಳಕಿಗಾಗಿ ಕೇಳಿ ಪಡೆದದ್ದು)
ದಿನಾಂಕ: ಜನವರಿ ಇಪ್ಪತ್ತೊಂದು, ಬುಧವಾರ, ಮಧ್ಯಾಹ್ನ ಹನ್ನೆರಡೂಮುಕ್ಕಾಲು
ಸಹಿ: ಲಾಂಡ್ರಿಯವನು